ಮಾಟುಂಗದ ಭಾನುವಾರದ ನಿರ್ಧಾರ ಕ್ಲಾಸು: ನಾಲ್ಕು ಸಾವಿರಕ್ಕೆ ನಮಗೆ ಸಿಕ್ಕಿದ್ದು

ಮುಂಬೈಯ ಮಾಟುಂಗ ಪೂರ್ವದಲ್ಲಿ, ಭಾವುದಾಜಿ ರಸ್ತೆಯ ಮೈಸೂರು ಅಸೋಸಿಯೇಷನ್‌ನಿಂದ ನಡೆದುಕೊಂಡೇ ಹೋಗಬಹುದಾದ ಒಂದು ಹಳೇ ಕಟ್ಟಡದ ನೆಲಮಹಡಿಯಲ್ಲಿ, ಮನೆಯ ದೊಡ್ಡ ನಿರ್ಧಾರಗಳನ್ನು ತೂಗಿ ನೋಡಿ ಮಾಡುವುದನ್ನು ಕಲಿಸುವ ಈ ಕ್ಲಾಸು ನಡೆಯುತ್ತದೆ. ಹೊರಗೆ ಬೋರ್ಡಿಲ್ಲ. ಕಲಿಸುವವರು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಹೇಳಿಕೊಟ್ಟು ನಿವೃತ್ತರಾದವರು, ಧಾರವಾಡದ ಕಡೆಯವರು. ಹೆಸರು ಬರೆಯಬೇಡಿ ಎಂದು ಅವರೇ ಕೇಳಿಕೊಂಡಿದ್ದಾರೆ. ಹಾಗಾಗಿ ಬ್ಯಾಚಿನವರೆಲ್ಲ ಕರೆಯುವಂತೆ ನಾನೂ ಮಾಸ್ತರರು ಎನ್ನುತ್ತೇನೆ. ಒಂದು ಕುಟುಂಬಕ್ಕೆ 4,000 ರೂಪಾಯಿ. ಎರಡು ಭಾನುವಾರ, ಒಂದೊಂದು ದಿನ ಮೂರು ಗಂಟೆ. ಬ್ಯಾಚಿಗೆ ನಾಲ್ಕೈದು ಕುಟುಂಬ ಮಾತ್ರ. ಮಾತೆಲ್ಲ ಕನ್ನಡದಲ್ಲಿ, ಅವಸರವಾದಾಗ ಮರಾಠಿಯಲ್ಲಿ.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಒಂದು ಅಂಕ ಯಾಕೆ ಕಡಿಮೆ ಎನ್ನುವುದನ್ನು ಮುಂದೆ ಹೇಳುತ್ತೇನೆ. ಆದರೆ ಮನೆಯಲ್ಲಿ ಒಂದು ದೊಡ್ಡ ವಿಷಯ ತಿಂಗಳುಗಟ್ಟಲೆ ಎಳೆದಾಡುತ್ತಿದ್ದರೆ, ಊಟದ ಹೊತ್ತಿಗೆ ಶುರುವಾಗಿ ಜಗಳದಲ್ಲಿ ಮುಗಿಯುತ್ತಿದ್ದರೆ, ನೀವು ಹೋಗಲೇಬೇಕು.

ನಮ್ಮ ವಿಷಯ ಹೀಗಿತ್ತು. ನಾವಿರುವುದು ಡೊಂಬಿವಲಿಯಲ್ಲಿ, ಬಾಡಿಗೆಯ ಒನ್ ಬಿಎಚ್‌ಕೆ, ಮೂರನೇ ಮಹಡಿ. ನಾನು ಫೋರ್ಟಿನಲ್ಲಿ, ಹಡಗಿನ ಸರಕನ್ನು ಕಸ್ಟಮ್ಸ್‌ನಿಂದ ಬಿಡಿಸಿಕೊಡುವ ಒಂದು ಕ್ಲಿಯರಿಂಗ್ ಏಜೆಂಟ್ ಆಫೀಸಿನಲ್ಲಿ ಲೆಕ್ಕಪತ್ರ ನೋಡುತ್ತೇನೆ. ಮಗ ಹತ್ತನೇ ಕ್ಲಾಸು. ಕುಂದಾಪುರದ ಹತ್ತಿರದ ಹಳ್ಳಿಯಲ್ಲಿ ಮಾವ ಒಬ್ಬರೇ. ಅತ್ತೆ ಹೋದ ಮೇಲೆ ಅವರ ಅಡುಗೆ, ಔಷಧ, ಕರೆಂಟ್ ಬಿಲ್ಲು ಎಲ್ಲವೂ ಫೋನಿನಲ್ಲಿ ವಿಚಾರಿಸಿಕೊಳ್ಳುವ ವಿಷಯವಾಗಿಬಿಟ್ಟಿತ್ತು. ಅದೇ ಹೊತ್ತಿಗೆ ನಮ್ಮವರಿಗೆ ಉಡುಪಿಗೆ ವರ್ಗಾವಣೆ ಕೇಳಿಕೊಳ್ಳುವ ಅವಕಾಶ ಬಂತು. ಮಾವನನ್ನು ಇಲ್ಲಿಗೆ ಕರೆತರುವುದಾ? ನಾವೆಲ್ಲ ಊರಿಗೆ ಹೋಗುವುದಾ? ನಮ್ಮವರು ಮಾತ್ರ ಹೋಗಿ, ಮಗನ ಹನ್ನೆರಡನೇ ಕ್ಲಾಸು ಮುಗಿಯುವವರೆಗೆ ನಾವಿಬ್ಬರು ಇಲ್ಲಿರುವುದಾ? ಅಥವಾ ಹಗಲಿಗೆ ಒಬ್ಬ ಹೆಂಗಸನ್ನು ಇಟ್ಟು ಮಾವನನ್ನು ಅಲ್ಲೇ ಬಿಡುವುದಾ? ಮುಂಬೈಯಲ್ಲಿರುವ ಕರಾವಳಿಯ ಎಷ್ಟೋ ಮನೆಗಳಲ್ಲಿ ಇದೇ ಮಾತು ನಡೆಯುತ್ತಿರುತ್ತದೆ, ಅಲ್ವಾ?

ಮೊದಲ ಭಾನುವಾರ ಮಾಸ್ತರರು ಶುರುಮಾಡುವುದು ಒಂದು ಹಳೇ ಕಾಗದದಿಂದ. 1772ರ ಸೆಪ್ಟೆಂಬರ್ 19ರಂದು ಬೆಂಜಮಿನ್ ಫ್ರಾಂಕ್ಲಿನ್ ಲಂಡನ್ನಿನಿಂದ ತನ್ನ ಗೆಳೆಯ ಜೋಸೆಫ್ ಪ್ರೀಸ್ಟ್ಲಿಗೆ ಬರೆದದ್ದು. ಪ್ರೀಸ್ಟ್ಲಿಗೂ ನಮ್ಮಂಥದ್ದೇ ತಾಪತ್ರಯ. ಇದ್ದ ಊರು, ಇದ್ದ ಕೆಲಸ ಬಿಟ್ಟು ಒಬ್ಬ ಶ್ರೀಮಂತರ ಬಳಿ ಹೊಸ ಕೆಲಸಕ್ಕೆ ಹೋಗುವುದಾ ಬೇಡವಾ ಎಂದು ಕೇಳಿದ್ದರು. ಯಾವುದನ್ನು ಆರಿಸಬೇಕೆಂದು ನಾನು ಹೇಳಲಾರೆ, ಹೇಗೆ ಆರಿಸಬೇಕೆಂದು ಬೇಕಾದರೆ ಹೇಳುತ್ತೇನೆ ಎಂದು ಫ್ರಾಂಕ್ಲಿನ್ ಬರೆದರು. ಹಾಳೆಯ ಮಧ್ಯೆ ಗೆರೆ ಎಳೆದು, ಒಂದು ಕಡೆ ಪರ, ಇನ್ನೊಂದು ಕಡೆ ವಿರೋಧ. ಮೂರು ನಾಲ್ಕು ದಿನ ಹೊಳೆದದ್ದನ್ನೆಲ್ಲ ಬರೆದುಕೊಳ್ಳುತ್ತಾ ಹೋಗುವುದು. ಆಮೇಲೆ ಈ ಕಡೆಯ ಒಂದು ಕಾರಣಕ್ಕೆ ಆ ಕಡೆಯ ಒಂದು ಸಮವಾದರೆ ಎರಡನ್ನೂ ಹೊಡೆದುಹಾಕುವುದು. ಉಳಿದದ್ದನ್ನು ನೋಡಿ ತೀರ್ಮಾನ.

ಮಾಸ್ತರರು ಇದನ್ನು ಹೇಳುವುದು ಕಥೆಗಾಗಿ ಅಲ್ಲ. ಹೊಡೆದುಹಾಕುವ ಆ ಹೆಜ್ಜೆಯನ್ನು ಎಲ್ಲರೂ ಮರೆಯುತ್ತಾರೆ ಎನ್ನುವುದು ಅವರ ದೂರು. ಸುಮ್ನೆ ಎರಡು ಪಟ್ಟಿ ಬರೆದು, ಯಾವುದು ಉದ್ದವೋ ಅದೇ ಸರಿ ಎಂದುಕೊಳ್ಳುತ್ತೇವೆ. ಒಂದು ಕಾರಣದ ತೂಕವನ್ನು ಇನ್ನೊಂದರ ಎದುರು ಇಟ್ಟು ನೋಡುವುದೇ ಇಲ್ಲ. ಅವರ ಇಡೀ ಕ್ಲಾಸು ನಿಂತಿರುವುದು ಈ ತೂಕ ನೋಡುವುದರ ಮೇಲೆ.

ಅದಕ್ಕೂ ಮೊದಲು ಅವರು ಮಾಡಿಸುವ ಕೆಲಸವೊಂದು ನನಗೆ ತುಂಬ ಹಿಡಿಸಿತು. ‘ಮಾವನ ಆರೈಕೆ’ ಎಂದು ನಾವು ಬರೆದಿದ್ದೆವು. ಅವರು ಅದನ್ನು ಹೊಡೆದುಹಾಕಿದರು. "ಇದು ಭಾಳ ದೊಡ್ಡದಾತು. ಅಳೀಲಿಕ್ಕೆ ಬರಂಗಿಲ್ಲ. ಏನಾದರ ನೀವು ಹೆದರತೀರಿ, ಅದನ್ನ ಬರೀರಿ" ಎಂದರು. ನಮ್ಮವರು ಸ್ವಲ್ಪ ಹೊತ್ತು ಯೋಚಿಸಿ ಬರೆದರು: ಅಪ್ಪ ರಾತ್ರಿ ಬಚ್ಚಲಲ್ಲಿ ಬಿದ್ದರೆ ಎಷ್ಟು ಹೊತ್ತಿಗೆ ಒಬ್ಬರು ಅವರ ಹತ್ತಿರ ತಲುಪುತ್ತಾರೆ? ಹೀಗೆ ಬರೆದ ತಕ್ಷಣ ಆಯ್ಕೆಗಳ ಮುಖವೇ ಬದಲಾಯಿತು. ಹಗಲಿಗೆ ಹೆಂಗಸನ್ನು ಇಡುವ ಆಯ್ಕೆ ನಮಗೆ ಸುಲಭವಾಗಿ ಕಾಣುತ್ತಿತ್ತು. ಈ ಪ್ರಶ್ನೆಗೆ ಅದರ ಉತ್ತರ ‘ಬೆಳಗ್ಗೆ ಏಳು ಗಂಟೆಗೆ’. ಎಂದರೆ ಇಡೀ ರಾತ್ರಿ.

ಈಗ ತೂಕದ ಮಾತು. ನಾನು ಈ ವಿಮರ್ಶೆ ಬರೆಯಲು ಕೂತದ್ದೇ ಇದಕ್ಕಾಗಿ.

ನಾವು ಸಾಮಾನ್ಯವಾಗಿ ಕೇಳಿಕೊಳ್ಳುವುದು ಹೀಗೆ: ದುಡ್ಡು ಮುಖ್ಯವಾ, ಆರೋಗ್ಯ ಮುಖ್ಯವಾ, ಮಗನ ಓದು ಮುಖ್ಯವಾ? ಯಾರಾದರೂ ಆರೋಗ್ಯ ಮುಖ್ಯ ಎಂದೇ ಹೇಳುತ್ತಾರೆ. ಮಾಸ್ತರರ ಪ್ರಕಾರ ಆ ಪ್ರಶ್ನೆಗೆ ಉತ್ತರವೇ ಇಲ್ಲ. ಎಷ್ಟು ದುಡ್ಡು? ಎಷ್ಟರ ಮಟ್ಟಿಗಿನ ಆರೋಗ್ಯ? ನಿಮ್ಮ ಎದುರಿಗಿರುವ ಆಯ್ಕೆಗಳಲ್ಲಿ ಅತಿ ಕೆಟ್ಟದ್ದಕ್ಕೂ ಅತಿ ಒಳ್ಳೆಯದಕ್ಕೂ ಇರುವ ಅಂತರ ಎಷ್ಟು ಎಂದು ಮೊದಲು ಬರೆಯಿರಿ, ಆ ಅಂತರಕ್ಕೆ ಅಂಕ ಕೊಡಿ ಎನ್ನುತ್ತಾರೆ. ಅಂತರವೇ ಇಲ್ಲದಿದ್ದರೆ ವಿಷಯ ಎಷ್ಟೇ ದೊಡ್ಡದಾದರೂ ಈ ನಿರ್ಧಾರದಲ್ಲಿ ಅದರ ತೂಕ ಸೊನ್ನೆ.

ದುಡ್ಡಿನ ಲೆಕ್ಕವನ್ನು ನಾನೇ ಹಾಕಿದೆ. ಮಾವನನ್ನು ಕರೆತಂದರೆ ಟೂ ಬಿಎಚ್‌ಕೆ ಬೇಕು, ಬಾಡಿಗೆ ತಿಂಗಳಿಗೆ ಸುಮಾರು 14 ಸಾವಿರ ಹೆಚ್ಚು. ಎಲ್ಲರೂ ಊರಿಗೆ ಹೋದರೆ ನನ್ನ ಸಂಬಳ ಹೋಗುತ್ತದೆ, ಆದರೆ ಬಾಡಿಗೆ ಉಳಿಯುತ್ತದೆ, ಮಗನ ಟ್ಯೂಷನ್ ಅರ್ಧಕ್ಕೆ ಇಳಿಯುತ್ತದೆ. ಕೂಡಿ ಕಳೆದು 18 ಸಾವಿರದ ಹೊರೆ. ಹಗಲಿಗೆ ಹೆಂಗಸನ್ನು ಇಟ್ಟರೆ 15 ಸಾವಿರ. ನಮ್ಮವರು ಒಬ್ಬರೇ ಹೋದರೆ ಓಡಾಟದ ಖರ್ಚು ಸೇರಿ 9 ಸಾವಿರ. ತಿಂಗಳುಗಟ್ಟಲೆ ನಮ್ಮ ಜಗಳದಲ್ಲಿ ದುಡ್ಡೇ ಮೊದಲು ಬರುತ್ತಿತ್ತು. ಹಾಳೆಯ ಮೇಲೆ ನೋಡಿದರೆ ಅತಿ ಅಗ್ಗದ್ದಕ್ಕೂ ಅತಿ ದುಬಾರಿಯದಕ್ಕೂ ಅಂತರ 9 ಸಾವಿರ. ಸಣ್ಣ ಮೊತ್ತವಲ್ಲ, ಒಪ್ಪುತ್ತೇನೆ. ಆದರೆ ಪಕ್ಕದ ಸಾಲಿನಲ್ಲಿ ‘ಹತ್ತು ನಿಮಿಷ’ ಮತ್ತು ‘ಇಡೀ ರಾತ್ರಿ’ ಎಂದು ಬರೆದಿತ್ತು.

ಆಮೇಲೆ ಮಾಸ್ತರರು ಎಲ್ಲರಿಗೂ ಒಂದೇ ಪ್ರಶ್ನೆ ಕೇಳುತ್ತಾರೆ. "ಎಲ್ಲಾದ್ರಾಗೂ ಭಾಳ ಕೆಟ್ಟದ್ದ ನಿಮ್ಮ ಪಾಲಿಗೆ ಬಂದದ ಅಂತ ತಿಳ್ಕೊಳ್ರಿ. ಒಂದನ್ನ ಅಷ್ಟ ಕೆಟ್ಟದ್ದರಿಂದ ಛಲೋದಕ್ಕ ಎತ್ತಲಿಕ್ಕೆ ಬಿಟ್ಟರ, ಯಾವುದನ್ನ ಮೊದಲ ಎತ್ತತೀರಿ?" ಮೊದಲು ಎತ್ತಿದ್ದಕ್ಕೆ 100. ಎರಡನೆಯದು ಅದರ ಎದುರು ಎಷ್ಟು? ಮೂರನೆಯದು? ಹೀಗೆ ಇಳಿಯುತ್ತಾ ಹೋಗಬೇಕು. ಗಂಡ, ಹೆಂಡತಿ, ಮಗ ಬೇರೆ ಬೇರೆ ಮೂಲೆಯಲ್ಲಿ ಕೂತು ಬರೆಯಬೇಕು. ಒಬ್ಬರ ಹಾಳೆ ಇನ್ನೊಬ್ಬರು ನೋಡುವಂತಿಲ್ಲ. ಮನೆಯಲ್ಲಿ ನಾವೇ ಕೂತು ಮಾಡಿದರೆ ಕೆಡುವುದು ಇಲ್ಲೇ. ಒಬ್ಬರು ಬಾಯಿಬಿಟ್ಟು ಒಂದು ಸಂಖ್ಯೆ ಹೇಳಿದರೆ ಉಳಿದವರ ಸಂಖ್ಯೆ ಅದರ ಹತ್ತಿರವೇ ಸುತ್ತುತ್ತದೆ. ಹೊರಗಿನ ಒಬ್ಬರು ಕೂತು ಕಾಯುವುದಕ್ಕೇ ಅರ್ಧ ಫೀಸು ಕೊಡಬಹುದು.

ನಮ್ಮವರೂ ನಾನೂ ಮಾವ ಬೀಳುವ ಸಾಲಿಗೆ 100 ಕೊಟ್ಟಿದ್ದೆವು. ದುಡ್ಡಿಗೆ ಅವರು 40, ನಾನು 35. ಇಷ್ಟು ದಿನ ಜಗಳವಾಡಿದ್ದು ಈ ಐದು ಅಂಕಕ್ಕಲ್ಲ ಎನ್ನುವುದು ಸ್ಪಷ್ಟವಾಯಿತು. ನನ್ನ ಕೆಲಸ ಉಳಿಯುವ ಸಾಲಿಗೆ ಅವರು ಕೊಟ್ಟದ್ದು 20. ನಾನು ಕೊಟ್ಟದ್ದು 75.

ಮಾಸ್ತರರು ಸರಾಸರಿ ತೆಗೆಯಲು ಬಿಡಲಿಲ್ಲ. ಯಾಕೆ 75 ಎಂದು ನನ್ನನ್ನು ಕೇಳಿದರು. ನಾನು ಹೇಳಿದೆ: ಇದು ಸಂಬಳದ ಮಾತಲ್ಲ, ಸಂಬಳವನ್ನು ದುಡ್ಡಿನ ಸಾಲಿನಲ್ಲಿ ಆಗಲೇ ಎಣಿಸಿದ್ದೇವೆ. ನನ್ನ ವಯಸ್ಸಿನಲ್ಲಿ ಈ ಕೆಲಸ ಬಿಟ್ಟರೆ ಉಡುಪಿಯಲ್ಲಿ ಇಂಥದ್ದು ಮತ್ತೆ ಸಿಗುವುದಿಲ್ಲ. ಆಫೀಸಿನಲ್ಲಿ ಒಂದು ಹಡಗಿನ ಕಾಗದಪತ್ರ ಸಿಕ್ಕಿಹಾಕಿಕೊಂಡರೆ ನನ್ನನ್ನು ಕರೆಯುತ್ತಾರೆ. ನನಗೆ ಅದು ಬೇಕು. ಮದುವೆಯಾದಾಗಿನಿಂದ ನಾನು ಇದನ್ನು ಇಷ್ಟು ನೇರವಾಗಿ ಹೇಳಿರಲಿಲ್ಲ, ಅವರೂ ಕೇಳಿರಲಿಲ್ಲ. ನಮ್ಮವರು ತಮ್ಮ ಹಾಳೆಯಲ್ಲಿ 20 ಹೊಡೆದು 60 ಬರೆದರು. ಯಾರೂ ಹೇಳಿ ಬರೆಸಿದ್ದಲ್ಲ.

ಎರಡನೇ ಭಾನುವಾರದ ನಿಯಮ: ಯಾರ ಬದುಕಿನ ಬಗ್ಗೆ ನಿರ್ಧಾರವೋ ಅವರು ಇರಲೇಬೇಕು. ಬರಲಾಗದಿದ್ದರೆ ವಿಡಿಯೋ ಕಾಲ್. ಮಾವನನ್ನು ಪಕ್ಕದ ಮನೆಯ ಹುಡುಗ ಫೋನಿನ ಎದುರು ಕೂರಿಸಿದ. ಧಾರವಾಡದ ಮಾತಿಗೂ ಕುಂದಾಪುರದ ಮಾತಿಗೂ ಹೊಂದಿಕೆಯಾಗಲು ಸ್ವಲ್ಪ ಹೊತ್ತು ಬೇಕಾಯಿತು. ಮಾಸ್ತರರು ಅಂಕದ ವಿಷಯ ಎತ್ತಲೇ ಇಲ್ಲ. ಒಂದೊಂದೇ ಜೋಡಿ ಇಟ್ಟು, ಇದಾ ಅದಾ ಎಂದು ಕೇಳುತ್ತಾ ಹೋದರು. ಮಾವ ಮೊದಲು ಎತ್ತಿದ್ದು ತನ್ನ ಮನೆ, ಅಂಗಳ, ಸಂಜೆ ದೇವಸ್ಥಾನದ ಕಟ್ಟೆ. ನಾವಿಬ್ಬರೂ 100 ಕೊಟ್ಟಿದ್ದ ಸಾಲು ಅವರಿಗೆ ಕೊನೆಯ ಹತ್ತಿರ ಎಲ್ಲೋ ಇತ್ತು. "ಬಿದ್ರೆ ಬಿದ್ದೆ. ಅದಕ್ಕೆ ಎಂತ ಮಾಡುದು?" ಎಂದರು. ಸ್ವಲ್ಪ ತಡೆದು, "ಮಳೆಗಾಲ ಮಾತ್ರ ಹೆದ್ರಿಕೆ ಆತ್ತ್. ಅಂಗಳ ಇಡೀ ಜಾರ್ತದೆ. ಕರೆಂಟ್ ಹೋದ್ರೆ ಬಪ್ಪುದೇ ಇಲ್ಲ" ಎಂದರು.

ಆ ಒಂದು ಮಾತಿನಿಂದ ನಮ್ಮ ಹಾಳೆಯಲ್ಲಿ ಇಲ್ಲದ ಐದನೇ ಆಯ್ಕೆ ಹುಟ್ಟಿತು. ಅಪಾಯ ವರ್ಷವಿಡೀ ಒಂದೇ ಸಮ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾವ ನಮ್ಮ ಜೊತೆ. ಮಳೆ ನಿಂತ ಮೇಲೆ ಊರಿನಲ್ಲಿ, ರಾತ್ರಿ ಮಲಗಲು ಪಕ್ಕದ ಮನೆಯ ಹುಡುಗ. ಆಯ್ಕೆಗಳನ್ನು ಮೊದಲ ದಿನವೇ ಬೀಗ ಹಾಕಿ ಮುಚ್ಚಬಾರದು ಎಂದು ಮಾಸ್ತರರು ಹೇಳಿದ್ದಕ್ಕೆ ಇದೇ ಕಾರಣ ಎಂದು ನನಗೆ ಆಗ ತಿಳಿಯಿತು. ಖರ್ಚಿನಲ್ಲಿ ಇದೇ ಎಲ್ಲಕ್ಕಿಂತ ಜಾಸ್ತಿ, ತಿಂಗಳಿಗೆ 19 ಸಾವಿರದ ಹತ್ತಿರ. ಅಂತರ 9 ಸಾವಿರದಿಂದ 10 ಸಾವಿರಕ್ಕೆ ಹೋಯಿತು, ಅಷ್ಟೇ. ಉಳಿದ ಸಾಲುಗಳಲ್ಲಿ ಈ ಆಯ್ಕೆ ತುಂಬ ಮುಂದೆ ಇತ್ತು.

ಪ್ರತಿ ಆಯ್ಕೆಯ ಅಂಕಗಳನ್ನು ತೂಕಕ್ಕೆ ತಕ್ಕಂತೆ ಕೂಡಿ ಮೊತ್ತ ಬಂದ ಮೇಲೂ ಮಾಸ್ತರರು ಬಿಡುವುದಿಲ್ಲ. ಈ ತೂಕ ಅರ್ಧ ಮಾಡಿದರೆ ಏನಾಗುತ್ತದೆ, ಆ ತೂಕ ದುಪ್ಪಟ್ಟು ಮಾಡಿದರೆ ಏನಾಗುತ್ತದೆ ಎಂದು ಒಂದೊಂದನ್ನೇ ಅಲ್ಲಾಡಿಸಿ ನೋಡುತ್ತಾರೆ. ಎಲ್ಲ ತೂಕವನ್ನೂ ಸಮ ಮಾಡಿಯೂ ಒಮ್ಮೆ ನೋಡುತ್ತಾರೆ. ಅದಕ್ಕೆ ಅವರು ಕೊಡುವ ಆಧಾರ ಅಮೆರಿಕದ ಮನಶ್ಶಾಸ್ತ್ರಜ್ಞ ರಾಬಿನ್ ಡಾಸ್ 1979ರಲ್ಲಿ ಬರೆದ ಲೇಖನ. ಅಂಶಗಳನ್ನು ಸರಿಯಾಗಿ ಆರಿಸಿಕೊಂಡರೆ, ಸಮ ತೂಕ ಕೊಟ್ಟ ಸರಳ ಲೆಕ್ಕವೂ ಎಷ್ಟೋ ಸಲ ಅನುಭವಿಗಳ ಅಂದಾಜಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ ಎನ್ನುವುದು ಅದರ ಸಾರ. ನಮ್ಮ ಐದನೇ ಆಯ್ಕೆ ಸಮ ತೂಕದಲ್ಲೂ ಮೊದಲೇ ಬಂತು. ನನ್ನ ಕೆಲಸದ ತೂಕವನ್ನು ತೀರಾ ಇಳಿಸಿದರೆ ಮಾತ್ರ, ಎಲ್ಲರೂ ಊರಿಗೆ ಹೋಗುವ ಆಯ್ಕೆ ಅದರ ಹತ್ತಿರ ಬರುತ್ತಿತ್ತು.

ಕೊನೆಯ ಅರ್ಧ ಗಂಟೆ ಗ್ಯಾರಿ ಕ್ಲೈನ್ ಎಂಬ ಮನಶ್ಶಾಸ್ತ್ರಜ್ಞರ ಪದ್ಧತಿ. 2007ರಲ್ಲಿ ಅವರು ಇದರ ಬಗ್ಗೆ ಬರೆದ ಮೇಲೆ ಕಂಪನಿಗಳಲ್ಲಿ ಇದು ಚಾಲ್ತಿಗೆ ಬಂತು. ಒಂದು ವರ್ಷ ಕಳೆದಿದೆ, ನೀವು ಮಾಡಿದ ನಿರ್ಧಾರ ಪೂರ್ತಿ ಕೆಟ್ಟುಹೋಗಿದೆ, ಯಾಕೆ ಕೆಟ್ಟಿತು ಎಂದು ಬರೆಯಬೇಕು. ಕೆಡಬಹುದಾ ಎಂದು ಕೇಳಿದರೆ ಜನ ಸಮಾಧಾನದ ಮಾತು ಹೇಳುತ್ತಾರೆ. ಕೆಟ್ಟಾಗಿದೆ ಎಂದು ಹೇಳಿ ಕೇಳಿದರೆ ಕಾರಣ ಹುಡುಕುತ್ತಾರೆ. ಎರಡು ದಿನವೂ ಹೆಚ್ಚು ಮಾತಾಡದ ನನ್ನ ಮಗ ಬರೆದದ್ದು ಒಂದೇ ಸಾಲು: ‘ಅಜ್ಜ ನಾಲ್ಕು ತಿಂಗಳು ಮನೆಯಿಂದ ಕೆಳಗೆ ಇಳಿಯಲೇ ಇಲ್ಲ, ಲಿಫ್ಟ್ ಇಲ್ಲ.’ ಡೊಂಬಿವಲಿಯ ಹಳೇ ಕಟ್ಟಡಗಳನ್ನು ನೋಡಿದವರಿಗೆ ಗೊತ್ತು. ನಾವು ದೊಡ್ಡ ಮನೆ ಹುಡುಕಬೇಕೆಂದು ಯೋಚಿಸಿದ್ದೆವು, ಲಿಫ್ಟಿನ ವಿಷಯ ತಲೆಗೆ ಬಂದಿರಲಿಲ್ಲ. ಆ ಸಾಲಿನ ಮೇಲೆಯೇ ಮನೆ ಹುಡುಕಿದೆವು. ಸ್ಟೇಷನ್ನಿನಿಂದ ಸ್ವಲ್ಪ ದೂರವಾಯಿತು, ರಿಕ್ಷಾ ಬೇಕು, ಆದರೆ ಲಿಫ್ಟಿದೆ, ಕೆಳಗೆ ಕೂರಲು ಕಲ್ಲುಬೆಂಚಿದೆ.

ಇಲ್ಲಿಯವರೆಗೆ ಹೊಗಳಿದ್ದಾಯಿತು. ಹೋದ ಒಂದು ಅಂಕದ ಲೆಕ್ಕ ಕೊಡುತ್ತೇನೆ.

ಮದುವೆಯ ವಿಷಯಕ್ಕೆ ಈ ಕ್ಲಾಸು ಸಾಲದು. ನಮ್ಮ ಬ್ಯಾಚಿನಲ್ಲಿ ಮುಲುಂಡ್‌ನಿಂದ ಒಬ್ಬ ಹುಡುಗಿ ಅಮ್ಮನ ಜೊತೆ ಬಂದಿದ್ದಳು. ಸಂಬಂಧಗಳು ಬರುತ್ತಿವೆ, ಹೇಗೆ ಆರಿಸುವುದು ಎನ್ನುವುದು ಅವಳ ಪ್ರಶ್ನೆ. ಮನೆ, ಕೆಲಸ, ಊರು ಇವೆಲ್ಲ ಒಟ್ಟಿಗೆ ಎದುರಿಗಿರುತ್ತವೆ, ಪಕ್ಕಪಕ್ಕ ಇಟ್ಟು ತೂಗಬಹುದು. ಸಂಬಂಧ ಹಾಗಲ್ಲ. ಒಂದಾದ ಮೇಲೆ ಒಂದು ಬರುತ್ತದೆ. ಮಾಸ್ತರರು ಅವಳಿಗೆ ಹೇಳಿದ್ದು ಗಣಿತದಲ್ಲಿ ಪ್ರಸಿದ್ಧವಾದ 37 ಶೇಕಡಾ ಸೂತ್ರ. ಮೊದಲ 37 ಶೇಕಡಾ ಸುಮ್ಮನೆ ನೋಡಿ ಬಿಡುವುದು, ಆಮೇಲೆ ಅವೆಲ್ಲಕ್ಕಿಂತ ಮೇಲಾದದ್ದು ಬಂದ ಕೂಡಲೇ ಒಪ್ಪಿಕೊಳ್ಳುವುದು. ಈ ಸೂತ್ರಕ್ಕೆ ಒಟ್ಟು ಎಷ್ಟು ಬರುತ್ತವೆ ಎಂದು ಮೊದಲೇ ಗೊತ್ತಿರಬೇಕು. ಒಮ್ಮೆ ಬಿಟ್ಟದ್ದು ಮತ್ತೆ ಸಿಗಬಾರದು. ಎಲ್ಲಕ್ಕಿಂತ ಒಳ್ಳೆಯದು ಸಿಕ್ಕರೆ ಮಾತ್ರ ಗೆಲುವು, ಎರಡನೆಯದು ಸಿಕ್ಕರೆ ಸೋಲು. ಇಷ್ಟೆಲ್ಲ ಪಾಲಿಸಿದರೂ ಆ ಒಳ್ಳೆಯದು ಕೈಗೆ ಸಿಗುವ ಸಾಧ್ಯತೆ ಸುಮಾರು 37 ಶೇಕಡಾ ಮಾತ್ರ. ಯಾವ ಮನೆಯ ಹುಡುಗಿಯ ಪರಿಸ್ಥಿತಿ ಹೀಗಿರುತ್ತದೆ? ಆ ಹುಡುಗಿಗೂ ಎರಡು ಭಾನುವಾರ, ನಾಲ್ಕು ಸಾವಿರ ಖರ್ಚಾಗಿದೆ. ಅವಳಿಗೆ ಇನ್ನೂ ಚೆನ್ನಾದ ಉತ್ತರ ಸಿಗಬೇಕಿತ್ತು. ಬೇರೇನೂ ಇಲ್ಲದಿದ್ದರೂ, ಯಾವುದು ಇಲ್ಲದಿದ್ದರೆ ಮಾತೇ ಬೇಡ ಎನ್ನುವ ಒಂದೆರಡು ಗೆರೆ ಮೊದಲೇ ಎಳೆದುಕೊಳ್ಳಲು ಅವಳಿಗೆ ಹೇಳಬಹುದಿತ್ತು. ನಮಗೆಲ್ಲ ಅದನ್ನು ಮಾಡಿಸಿದ್ದರು.

ಇನ್ನೊಂದು, ಕೊಡುವ ಹಾಳೆಗಳೆಲ್ಲ ಇಂಗ್ಲಿಷಿನಲ್ಲಿ. ಬಾಯಿಮಾತು ಕನ್ನಡ, ಹಾಳೆ ಇಂಗ್ಲಿಷ್. ಆ ಹುಡುಗಿಯ ಅಮ್ಮ ಪ್ರತಿ ಸಾಲಿಗೂ ಮಗಳನ್ನು ಕೇಳಬೇಕಾಗುತ್ತಿತ್ತು. ಹಾಗೆ ಕೇಳಿದರೆ ಬೇರೆ ಬೇರೆ ಬರೆಯಬೇಕೆಂಬ ನಿಯಮವೇ ಮುರಿಯುತ್ತದೆ. ನಾನು ನಮ್ಮ ಹಾಳೆಯನ್ನು ಮನೆಯಲ್ಲಿ ಕನ್ನಡದಲ್ಲಿ ಮಾಡಿಕೊಂಡು ಎರಡನೇ ಭಾನುವಾರ ಅವರಿಗೂ ಒಂದು ಪ್ರತಿ ಕೊಟ್ಟೆ. ಮುಂದಿನ ಬ್ಯಾಚಿಗೆ ಬಳಸುತ್ತೇನೆ ಎಂದಿದ್ದಾರೆ.

ಕ್ಲಾಸು ಮುಗಿದ ಮೇಲೆ ಮುಂದಿನ ವಿಚಾರಣೆಯೂ ಇಲ್ಲ. ಆರು ತಿಂಗಳ ನಂತರ ಒಂದು ಗಂಟೆ ಕರೆದು, ಏನಾಯಿತು, ಯಾವ ಅಂದಾಜು ತಪ್ಪಿತು ಎಂದು ನೋಡಿದರೆ ಎಷ್ಟು ಚೆನ್ನಾಗಿರುತ್ತಿತ್ತು. ಫೀಸು ಜಾಸ್ತಿ ಮಾಡಿದರೂ ನಾನು ಹೋಗುತ್ತಿದ್ದೆ.

ನಮ್ಮ ಮನೆಯಲ್ಲಿ ಆದದ್ದನ್ನು ಹೇಳಿಬಿಡುತ್ತೇನೆ. ಜೂನ್ ಮೊದಲ ವಾರ ಮಾವ ಮತ್ಸ್ಯಗಂಧ ರೈಲಿನಲ್ಲಿ ಬಂದರು. ಈಗ ರೈಲಿನ ಮುಂಗಡ ಬುಕಿಂಗ್ 60 ದಿನಕ್ಕೆ ಇಳಿದಿದೆ. 2024ರ ನವೆಂಬರ್‌ಗೆ ಮೊದಲು 120 ದಿನ ಇತ್ತು. ಹಾಗಾಗಿ ಏಪ್ರಿಲ್‌ನಲ್ಲೇ ದಿನ ಗುರುತಿಟ್ಟು, ಹಿರಿಯರ ಕೋಟಾದಲ್ಲಿ ಕೆಳಗಿನ ಬರ್ತ್ ಮಾಡಿಸಿದೆವು. ಮಳೆಗಾಲದಲ್ಲಿ ಕೊಂಕಣ ರೈಲಿನ ವೇಳಾಪಟ್ಟಿಯೇ ಬೇರೆ, ಗಾಡಿ ನಿಧಾನ. ಅದು ಶುರುವಾಗುವ ಮೊದಲೇ ಕರೆತಂದದ್ದು ಒಳ್ಳೆಯದಾಯಿತು. ಸಂಜೆ ಕೆಳಗಿನ ಬೆಂಚಿನ ಮೇಲೆ ಕೂರುತ್ತಾರೆ. ದೇವಸ್ಥಾನದ ಕಟ್ಟೆಯಷ್ಟು ಅಲ್ಲ ಎಂದು ಅವರೇ ಹೇಳುತ್ತಾರೆ, ಅದು ನಿಜವೂ ಹೌದು. ನವರಾತ್ರಿಗೆ ಊರಿನಲ್ಲಿರಬೇಕೆಂದು ಈಗಲೇ ಹೇಳಿಟ್ಟಿದ್ದಾರೆ.

ಹೋಗುವವರಿಗೆ ಕೆಲವು ಮಾತು. ಕ್ಲಾಸು ಹತ್ತು ಗಂಟೆಗೆ ಶುರು, ತಡವಾಗಿ ಬಂದವರನ್ನು ಮಾಸ್ತರರು ಕಾಯುವುದಿಲ್ಲ. ಮಾಟುಂಗದಲ್ಲಿ ಫಾಸ್ಟ್ ಲೋಕಲ್ ನಿಲ್ಲುವುದಿಲ್ಲ, ಸ್ಲೋ ಹಿಡಿಯಬೇಕು. ಭಾನುವಾರ ಮಾಟುಂಗ–ಮುಲುಂಡ್ ನಡುವೆ ಹಳಿ ದುರಸ್ತಿಗೆಂದು ಆಗಾಗ ಮೆಗಾ ಬ್ಲಾಕ್ ಇರುತ್ತದೆ, ವಾಪಸ್ ಬರುವಾಗ ತಡವಾದೀತು ಎಂದುಕೊಂಡೇ ಹೊರಡಿ. ಊಟಕ್ಕೆ ಸ್ಟೇಷನ್ ಪಕ್ಕದಲ್ಲೇ 1942ರಿಂದ ಇರುವ ರಾಮ ನಾಯಕರ ಬೋರ್ಡಿಂಗ್ ಇದೆ, ಸಾಲಿನಲ್ಲಿ ನಿಲ್ಲಲು ಸಮಯ ಇಟ್ಟುಕೊಳ್ಳಿ. ಕಳೆದ ಆರು ತಿಂಗಳ ಮನೆ ಖರ್ಚಿನ ಲೆಕ್ಕ ಜೊತೆಗಿರಲಿ, ಅಂದಾಜಿನ ಸಂಖ್ಯೆಗಳನ್ನು ಅವರು ಒಪ್ಪುವುದಿಲ್ಲ. ಹತ್ತನೇ ಕ್ಲಾಸು ದಾಟುವ ವಯಸ್ಸಿನ ಮಕ್ಕಳಿದ್ದರೆ ಕರೆದುಕೊಂಡೇ ಹೋಗಿ. ಊರಿನ ಹಿರಿಯರನ್ನು ಫೋನಿನಲ್ಲಿ ಸೇರಿಸುವುದಾದರೆ, ಅಲ್ಲಿ ಫೋನ್ ಹಿಡಿದು ಕೂರಲು ಒಬ್ಬರನ್ನು ಮೊದಲೇ ಗೊತ್ತುಮಾಡಿಕೊಳ್ಳಿ.